ಹೊಸ ಅಕ್ಕಿ ಊಟ: ಗದ್ದೆ ಇಲ್ಲದ ಮನೆಗೆ ಕದಿರು ಎಲ್ಲಿಂದ?

ಕೋಟೇಶ್ವರದ ಸೊಸೆ

ಎಲ್ಲರಿಗೂ ನಮಸ್ಕಾರ. ನವರಾತ್ರಿ ಹತ್ತಿರ ಬರ್ತಾ ಇದೆ. ಈ ವರ್ಷ ಹೊಸ್ತಿನ ಊಟ, ಅಂದರೆ ಹೊಸ ಭತ್ತದ ಮೊದಲ ಊಟ, ಬೆಂಗಳೂರಿನ ನಮ್ಮ ಫ್ಲ್ಯಾಟ್‌ನಲ್ಲೇ ಆಗಬೇಕು. ಅತ್ತೆಗೆ ಮಂಡಿನೋವು, ಅಷ್ಟು ದೂರ ಬಸ್ಸಿನಲ್ಲಿ ಕೂರಲು ಆಗುವುದಿಲ್ಲ. ಊರಿನ ಮನೆಗೆ ಬೀಗ ಬಿದ್ದಿದೆ. ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದು ವರ್ಷಗಳಾದವು. ಪಕ್ಕದ ಮನೆಯವರು ತಮ್ಮ ಗದ್ದೆಯಿಂದ ನಾಲ್ಕು ಕದಿರು (ಭತ್ತದ ತೆನೆ) ಕೊಡುತ್ತಿದ್ದರು. ಈಗ ಅವರೂ ಅಡಿಕೆ ಹಾಕಿದ್ದಾರೆ.

ಅತ್ತೆಯದು ಒಂದೇ ಮಾತು: "ಹೊಸ್ತು ಮಾಡದೆ ಹೊಸ ಅಕ್ಕಿ ಬಾಯಿಗೆ ಇಡಬಾರದು." ಅಂಗಡಿಯಿಂದ ತರುವ ಅಕ್ಕಿ ಯಾವ ವರ್ಷದ್ದು ಅಂತ ನಮಗೆ ಗೊತ್ತೇ ಇರುವುದಿಲ್ಲ. ಅಂಥ ಮನೆಯಲ್ಲಿ ಈ ಮಾತನ್ನು ಪಾಲಿಸುವುದು ಹೇಗೆ?

ಕೇಳಬೇಕಾದದ್ದು ಇಷ್ಟು. ಕದಿರು ಎಲ್ಲಿಂದ ತರಲಿ? ದುಡ್ಡು ಕೊಟ್ಟು ತಂದರೆ ಅದು ಹೊಸ್ತು ಆಗುತ್ತದಾ? ನಿಮ್ಮ ನಿಮ್ಮ ಕಡೆ ಹೇಗೆ ಮಾಡ್ತೀರಿ ಅಂತಲೂ ಬರೆಯಿರಿ. ನಾನು ಬಯಲುಸೀಮೆಯಿಂದ ಬಂದವಳು, ಮದುವೆಯಾದ ಮೇಲೆಯೇ ಇದನ್ನೆಲ್ಲ ನೋಡಿದ್ದು. ಅತ್ತೆ ಇರುವಾಗಲೇ ಸರಿಯಾಗಿ ಕಲಿಯಬೇಕು ಅನ್ನುವ ಆಸೆ.

ಹೆಬ್ರಿ ಮಾಷ್ಟ್ರು

ಒಳ್ಳೆಯ ಪ್ರಶ್ನೆ ಅಮ್ಮ. ನಮ್ಮ ಮನೆಯ ಕ್ರಮ ಹೇಳುತ್ತೇನೆ. ಮನೆಯಿಂದ ಮನೆಗೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ, ನಿಮ್ಮ ಅತ್ತೆ ಹೇಳಿದ್ದೇ ನಿಮಗೆ ಕೊನೆಯ ಮಾತು.

ಕದಿರು ತರುವವರು ಬೆಳಿಗ್ಗೆ ಬೇಗ ಮಿಂದು ಗದ್ದೆಗೆ ಹೋಗಬೇಕು. ಬೆಳೆಗೆ ಕೈಮುಗಿದು, ಬುಡದ ಸ್ವಲ್ಪ ಮೇಲೆ ಕೊಯ್ದು, ನೆಲಕ್ಕೆ ತಾಗಿಸದೆ ತರುವುದು. ಅಂಗಳದಲ್ಲಿ ತುಳಸಿಯ ಎದುರು ಮಣೆ ಇಟ್ಟು, ಬಾಳೆ ಎಲೆಯ ಮೇಲೆ ಇಳಿಸುವುದು. ಅಲ್ಲಿ ಪೂಜೆ ಆದ ಮೇಲೆ ಮನೆಯೊಳಗೆ. ಮಾವು, ಹಲಸು, ಅರಳಿ, ಬಿದಿರಿನ ಎಲೆಗಳಲ್ಲಿ ಕದಿರನ್ನು ಸುತ್ತಿ ನಾರಿನಿಂದ ಕಟ್ಟಬೇಕು. ಮೊದಲು ದೇವರ ಕೋಣೆಗೆ. ಆಮೇಲೆ ಬಾಗಿಲಿಗೆ, ಕಂಬಕ್ಕೆ, ಅಕ್ಕಿ ಮುಡಿ (ಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ) ಇಡುವ ಜಾಗಕ್ಕೆ, ಬಾವಿಕಟ್ಟೆಗೆ, ಕೊಟ್ಟಿಗೆಗೆ, ನೇಗಿಲಿಗೆ, ಫಲ ಕೊಡುವ ತೆಂಗಿನ ಮರಕ್ಕೆ. ಈಗ ಕಾರಿಗೂ ಸ್ಕೂಟರಿಗೂ ಕಟ್ಟುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ದುಡಿಮೆಗೆ ನೆರವಾಗುವ ಎಲ್ಲದಕ್ಕೂ ಒಂದು ಕದಿರು.

ಊಟಕ್ಕೆ ಪೂರ್ತಿ ಹೊಸ ಅಕ್ಕಿಯೇ ಬೇಕೆಂದಿಲ್ಲ. ಕದಿರಿನ ಭತ್ತವನ್ನು ಉಗುರಿನಿಂದ ಸುಲಿದು, ಬಂದ ಅಕ್ಕಿಯ ಕಾಳುಗಳನ್ನು ಮನೆಯ ಅಕ್ಕಿಯ ಜೊತೆ ಬೇಯಲು ಹಾಕುವುದು. ಉಳಿದ ಕೆಲವನ್ನು ತೆಂಗಿನಹಾಲು ಬೆಲ್ಲದ ಪಾಯಸಕ್ಕೆ. ಹರಿವೆ, ಹೀರೆ, ಅಲಸಂಡೆ, ಮುಳ್ಳುಸೌತೆ ಅಂತ ಆ ಹೊತ್ತಿಗೆ ಹಿತ್ತಲಲ್ಲಿ ಬೆಳೆದ ತರಕಾರಿಗಳೆಲ್ಲ ಎಲೆಗೆ ಬರಬೇಕು.

ಒಂದು ಸಂಗತಿ ಮರೆಯಬೇಡಿ. ನಮ್ಮ ಮನೆಯಲ್ಲಿ ಮೊದಲ ತುತ್ತಿಗೆ ಮುಂಚೆ ಕಿರಿಯರು ಹಿರಿಯರನ್ನು ಒಬ್ಬೊಬ್ಬರಾಗಿ ಕೇಳಬೇಕು, "ಹೊಸ್ತು ಉಣ್ತೇನೆ" ಅಂತ. ಅವರು "ಉಣ್ಣು" ಅಂದ ಮೇಲೆಯೇ ಕೈ ಬಾಯಿಗೆ. ಫೋನಿನಲ್ಲಾದರೂ ಸರಿ, ದೂರ ಇರುವ ಹಿರಿಯರನ್ನೂ ಕೇಳಿಯೇ ಉಣ್ಣುತ್ತೇವೆ. ಇಡೀ ಹಬ್ಬದಲ್ಲಿ ನನಗೆ ತುಂಬ ಹಿಡಿಸುವುದು ಇದೇ. ದೊಡ್ಡವರನ್ನು ಕೇಳಿ ತಿನ್ನುವ ಅನ್ನ ಅದು.

ಗದ್ದೆ ಬದು

ಕಾರ್ಕಳದ ಹತ್ತಿರ ಇನ್ನೂ ಭತ್ತ ಬೆಳೆಯುತ್ತಿರುವವ ನಾನು. ಅಕ್ಕ, ಕದಿರಿಗೆ ದುಡ್ಡು ಯಾರೂ ತೆಗೆದುಕೊಳ್ಳುವುದಿಲ್ಲ, ನಾನಂತೂ ತೆಗೆದುಕೊಂಡಿಲ್ಲ. ನವರಾತ್ರಿ ಹೊತ್ತಿಗೆ ನಮ್ಮ ಅಂಗಳದಲ್ಲಿ ಕಾರುಗಳು ನಿಲ್ಲುತ್ತವೆ. ಮಂಗಳೂರು, ಬೆಂಗಳೂರು, ಮುಂಬಯಿಯಿಂದ ಬಂದವರು. "ಸ್ವಲ್ಪ ಕದಿರು ಕೊಡ್ತೀರಾ?" ಅಂತ ಕೇಳುತ್ತಾರೆ. ಸಂತೋಷದಿಂದ ಕೊಡುತ್ತೇನೆ. ಮನೆಯ ಬಾಗಿಲಲ್ಲಿ ನಿಂತು ಕದಿರು ಕೇಳಿದವರಿಗೆ ಇಲ್ಲ ಅನ್ನಬಾರದು ಅಂತ ನಮ್ಮಪ್ಪ ಹೇಳಿಕೊಟ್ಟದ್ದು.

ಆದರೆ ಒಂದು ನೋವು ಇದೆ, ಹೇಳಿಬಿಡುತ್ತೇನೆ. ಇಷ್ಟು ಜನರಲ್ಲಿ ಜುಲೈಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಬಂದವರು ಯಾರೂ ಇಲ್ಲ. ನೆಡುವವರು ಸಿಗುವುದಿಲ್ಲ. ಯಂತ್ರ ಕೆಳಗಿನ ಬೈಲಿನ ಗದ್ದೆಗೆ ಇಳಿಯುವುದಿಲ್ಲ, ಹೂತುಹೋಗುತ್ತದೆ. ನವಿಲು, ಹಂದಿ, ಮಂಗ ತಿಂದು ಬಿಟ್ಟದ್ದು ನಮಗೆ. 2024-25ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,300 ರೂಪಾಯಿ ಇತ್ತು. ಅಡಿಕೆಯ ಬೆಲೆ ಪಕ್ಕದಲ್ಲಿಟ್ಟು ನೋಡಿ. ನೆರೆಮನೆಯವರು ಅಡಿಕೆ ಹಾಕಿದರೆ ನಾನು ಅವರನ್ನು ಬೈಯಲಾರೆ.

ಗದ್ದೆ ಉಳಿದರೆ ಕದಿರು ಉಳಿಯುತ್ತದೆ. ಇಲ್ಲವಾದರೆ ಹಬ್ಬಕ್ಕೆ ಪೂಜೆ ಸಾಮಾನಿನ ಅಂಗಡಿಯಿಂದ ಒಣಗಿದ ಕದಿರು ತರಬೇಕಾಗುತ್ತದೆ. ಹಾಗಾಗಿ ನೀವು ಕೇಳಿದ "ಹೊಸ್ತು ಆಗುತ್ತದಾ" ಅನ್ನುವುದಕ್ಕೆ ನನ್ನ ಉತ್ತರ: ಆ ಭತ್ತ ಬೆಳೆದವರ ಮನೆಗೆ ಒಮ್ಮೆ ಬನ್ನಿ, ಗದ್ದೆಗೆ ಇಳಿಯಿರಿ, ಆಗ ಖಂಡಿತ ಆಗುತ್ತದೆ.

ಹಳೇ ಚಾವಡಿ

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಉಳುಮೆ ಇಲ್ಲದ ಮನೆಯಲ್ಲಿ ಕದಿರು ಕಟ್ಟುವುದಕ್ಕೆ ಅರ್ಥವಿಲ್ಲ ಅಂತ ನನ್ನ ಅನಿಸಿಕೆ. ಇದು ದೇವರ ಪೂಜೆ ಮಾತ್ರ ಆಗಿದ್ದರೆ ಎಲ್ಲಿ ಬೇಕಾದರೂ ಮಾಡಬಹುದಿತ್ತು. ಜೋರು ಮಳೆಯ ಆಟಿ ತಿಂಗಳಲ್ಲಿ ಅಕ್ಕಿಯ ಕಣಜ ಬರಿದಾಗಿ, ಕೆಸು, ತಗತೆ ಸೊಪ್ಪು ತಿಂದು ದಿನ ಕಳೆದವರಿಗೆ ಮೊದಲ ಕದಿರು ಅಂದರೆ ಜೀವ. ಮಳೆಗಾಲದ ಆ ಹಸಿವು ಗೊತ್ತಿದ್ದವರ ಹಬ್ಬ ಇದು. ವರ್ಷವಿಡೀ ಡಬ್ಬಿ ತುಂಬ ಅಕ್ಕಿ ಇರುವ ನಮಗೆ ಯಾವ ಕಾಯುವಿಕೆ ಇದೆ? ನಮ್ಮ ಮನೆಯ ಗದ್ದೆ ಮಾರಿದ ವರ್ಷ ನಾನು ನಿಲ್ಲಿಸಿದೆ. ಸುಮ್ನೆ ಮಾಡುವುದಕ್ಕಿಂತ ನಿಲ್ಲಿಸುವುದು ಮರ್ಯಾದೆ ಅನ್ನಿಸಿತು.

ಕೋಟೇಶ್ವರದ ಸೊಸೆ

@ಹಳೇ ಚಾವಡಿ ಬೇಜಾರಿಲ್ಲ ಅಣ್ಣ. ನಿಮ್ಮ ಮಾತನ್ನು ಅತ್ತೆಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹಸಿವು ಕಂಡವಳು ನಾನಿನ್ನೂ ಇದ್ದೇನಲ್ಲ, ನನಗೋಸ್ಕರ ಆದರೂ ಕಟ್ಟಲಿ" ಅಂದರು. ಇದಕ್ಕೆ ನನ್ನ ಹತ್ತಿರ ಬೇರೆ ಮಾತಿಲ್ಲ.

@ಹೆಬ್ರಿ ಮಾಷ್ಟ್ರು, ಹಿರಿಯರನ್ನು ಕೇಳಿ ಉಣ್ಣುವುದು ನಮ್ಮಲ್ಲೂ ಇದೆಯಂತೆ. ಇಷ್ಟು ವರ್ಷ ನಾನು ಅಡುಗೆಮನೆಯಲ್ಲಿ ಬಡಿಸುವ ಗಡಿಬಿಡಿಯಲ್ಲಿ ಗಮನಿಸಿರಲಿಲ್ಲ.

ಒಕ್ಕಲು ಮನೆ ಮೊಮ್ಮಗ

ಹಸಿವಿನ ಮಾತು ಬಂತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಈ ಹಬ್ಬದ ಬಗ್ಗೆ ಬರೆಯುವವರೆಲ್ಲ ಸ್ವಂತ ಗದ್ದೆ ಇದ್ದವರ ಚಾವಡಿಯಿಂದಲೇ ಬರೆಯುತ್ತಾರೆ. ನಮ್ಮ ಅಜ್ಜ ಗೇಣಿ ಒಕ್ಕಲು, ಧಣಿಗಳ ಗದ್ದೆ ಉತ್ತು ಗೇಣಿ ಕೊಡುವವರು. ನೆಟ್ಟವರು ಅಜ್ಜಿ, ಕೊಯ್ದವರು ಅಜ್ಜಿ, ಅಕ್ಕಿ ಮಾಡಿ ಮುಡಿ ಕಟ್ಟಿದವರು ಅಜ್ಜ. ಆದರೆ ಮೊದಲ ಕದಿರು ಧಣಿಗಳ ಮನೆಗೆ ಹೋಗಬೇಕಿತ್ತು. ಅಲ್ಲಿ ಹೊಸ್ತು ಆದ ಮೇಲೆಯೇ ನಮ್ಮಲ್ಲಿ. ಗೇಣಿಯ ಮುಡಿಗಳನ್ನು ಅಳೆದು ಕೊಟ್ಟು ಉಳಿದದ್ದು ನಮ್ಮ ಪಾಲು. ಒಂದು ಮುಡಿ ಅಂದರೆ 42 ಸೇರು. ಮಳೆ ಕೈಕೊಟ್ಟ ವರ್ಷ ಉಳಿಯುತ್ತಿದ್ದದ್ದು ಎಷ್ಟು ಅಂತ ಅಜ್ಜಿ ಕೈ ಬೊಗಸೆ ಮಾಡಿ ತೋರಿಸುತ್ತಿದ್ದರು.

1974ರ ಭೂ ಸುಧಾರಣೆ ತಿದ್ದುಪಡಿ ಬಂದ ಮೇಲೆ ಗೇಣಿ ಗದ್ದೆ ತಮ್ಮ ಹೆಸರಿಗೆ ಆಗಲಿ ಅಂತ ಅಜ್ಜ ಡಿಕ್ಲರೇಷನ್ ಕೊಟ್ಟರು. ಆಗ ದೇವರಾಜ ಅರಸು ಮುಖ್ಯಮಂತ್ರಿ. ಭೂ ನ್ಯಾಯಮಂಡಳಿಗೆ ಓಡಾಡಿ ಕೊನೆಗೆ ಗದ್ದೆ ಅಜ್ಜನ ಹೆಸರಿಗೆ ಆಯಿತು. ಆ ವರ್ಷದ ಹೊಸ್ತಿನ ಬಗ್ಗೆ ಅಪ್ಪ ಹೇಳುವುದನ್ನು ನಾನು ಕೇಳುತ್ತಲೇ ಬೆಳೆದೆ. ಕದಿರನ್ನು ಎಲ್ಲಿಗೂ ಕೊಂಡುಹೋಗದೆ ನೇರ ನಮ್ಮ ಮನೆಯ ತುಳಸಿಕಟ್ಟೆಗೆ ತಂದರು. ಅಜ್ಜಿ ಮನೆಯ ಒಂದು ಕಂಬವನ್ನೂ ಬಿಡದೆ ಕಟ್ಟಿದರು. ಮಾಡಿಗೆ, ಒನಕೆಗೆ, ಅಜ್ಜನ ಹಾಳೆಯ ಟೊಪ್ಪಿ ಮುಟ್ಟಾಳೆಗೆ ಕೂಡ.

ಹಾಗಾಗಿ @ಹಳೇ ಚಾವಡಿ ಅಣ್ಣಾ, ನಿಮಗೆ ನಿಲ್ಲಿಸುವುದು ಮರ್ಯಾದೆ ಅನ್ನಿಸಿರಬಹುದು. ನಮ್ಮ ಮನೆಗೆ ಕಟ್ಟುವುದೇ ಮರ್ಯಾದೆ. ಅಜ್ಜಿಯ ಕಾಲದಲ್ಲಿ ನಮಗೆ ಸಿಗದೆ ಇದ್ದ ಮೊದಲ ಕದಿರು ಅದು. ನಾನು ಈಗ ಸುರತ್ಕಲ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಅಲ್ಲೂ ಕಟ್ಟುತ್ತೇನೆ.

ಇನ್ನೊಂದು ಮಾತು. ಗೇಣಿ ಒಕ್ಕಲಿಗಾದರೂ ಗದ್ದೆ ಸಿಕ್ಕಿತು. ಬರೀ ಕೂಲಿಗೆ ನೇಜಿ ನೆಟ್ಟವರ ಎಷ್ಟೋ ಮನೆಗಳಿಗೆ ಗದ್ದೆ ಸಿಗಲೇ ಇಲ್ಲ. ಡಿಕ್ಲರೇಷನ್ ಕೊಡಲು ಅವರಿಗೆ ಗೇಣಿಯೂ ಇರಲಿಲ್ಲ. ಹಬ್ಬದ ಬಗ್ಗೆ ಹೆಮ್ಮೆಯಿಂದ ಮಾತಾಡುವಾಗ ಅವರನ್ನು ಬಿಟ್ಟು ಮಾತಾಡಬಾರದು.

ಹೆಬ್ರಿ ಮಾಷ್ಟ್ರು

ಇದನ್ನು ಬರೆದದ್ದಕ್ಕೆ ನಿಮಗೆ ನಮಸ್ಕಾರ ತಮ್ಮಾ. ನನ್ನ ಮೇಲಿನ ಪಟ್ಟಿಯಲ್ಲಿ "ಕದಿರು ತರುವವರು" ಅಂತ ಬರೆದೆನಲ್ಲ, ಹಿಂದೆ ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ಗದ್ದೆಯಿಂದ ಅಂಗಳದವರೆಗೆ ತರುತ್ತಿದ್ದವರು ಒಕ್ಕಲಿನವರು. ಅಂಗಳದಿಂದ ಒಳಗೆ ಒಯ್ಯುತ್ತಿದ್ದವರು ಮಾತ್ರ ಮನೆಯವರು. ಆ ಗೆರೆ ಅಳಿಸಿಹೋದದ್ದು ಒಳ್ಳೆಯದೇ ಆಯಿತು.

ಮೊಂತಿ ಮನೆ

ಮಂಗಳೂರಿನ ಕ್ಯಾಥೊಲಿಕರ ಮನೆಯಿಂದ ನಾನು. ನಮಗೂ ಇದೇ ಹಬ್ಬ, ದಿನ ಮಾತ್ರ ಬೇರೆ. ಸೆಪ್ಟೆಂಬರ್ 8, ಮಾತೆ ಮೇರಿಯ ಹುಟ್ಟಿದ ದಿನ, ಮೊಂತಿ ಫೆಸ್ತ್. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮೇರಿಗೆ ಹಾಕುತ್ತಾರೆ. ಹಬ್ಬದ ದಿನ ಚರ್ಚಿನಲ್ಲಿ ಹೊಸ ತೆನೆಗಳನ್ನು ಆಶೀರ್ವದಿಸಿ ಪ್ರತಿ ಕುಟುಂಬಕ್ಕೆ ಹಂಚುತ್ತಾರೆ. ಮಕ್ಕಳಿಗೆ ಕಬ್ಬು. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿಗೂ ಈ ಹಬ್ಬಕ್ಕೂ ಹಳೆಯ ನಂಟು.

ಮನೆಗೆ ತಂದ ತೆನೆಯನ್ನು ಅಲ್ತಾರಿನ (ಮನೆಯ ದೇವರ ಪೀಠದ) ಮುಂದೆ ಇಟ್ಟು ಪ್ರಾರ್ಥನೆ. ಕಾಳು ಸುಲಿದು, ಜಜ್ಜಿ, ತೆಂಗಿನಹಾಲಿಗೋ ಪಾಯಸಕ್ಕೋ ಹಾಕಿ, ಹಿರಿಯರಿಂದ ಶುರುಮಾಡಿ ಎಲ್ಲರೂ ಒಂದೊಂದು ಗುಟುಕು. ಆಮೇಲೆ ಬಾಳೆ ಎಲೆಯಲ್ಲಿ ನೊವೆಂ ಜೆವಣ್, ಅಂದರೆ ಹೊಸ್ತಿನ ಊಟ. ಆ ದಿನ ಮೀನು, ಮಾಂಸ ಇಲ್ಲ. ತರಕಾರಿ ಪದಾರ್ಥಗಳ ಲೆಕ್ಕ ಬೆಸ ಸಂಖ್ಯೆಯಲ್ಲಿ ಇರಬೇಕು, ಐದು, ಏಳು, ಒಂಬತ್ತು ಹೀಗೆ. ಕೆಸುವಿನ ಸೊಪ್ಪು, ಬೆಂಡೆ, ಹರಿವೆ ಇರಲೇಬೇಕು.

ನಮ್ಮ ಕುಟುಂಬದಲ್ಲಿ ಅರ್ಧ ಜನ ಗಲ್ಫ್‌ನಲ್ಲಿ, ಉಳಿದವರು ಕೆನಡಾದಲ್ಲಿ. ಅಮ್ಮ ಆಶೀರ್ವದಿಸಿದ ಕಾಳನ್ನು ಒಣಗಿಸಿ, ಪುಡಿಮಾಡಿ, ಪುಟ್ಟ ಪೊಟ್ಟಣ ಕಟ್ಟಿ, ಊರಿಗೆ ಬಂದವರ ಕೈಯಲ್ಲಿ ಎಲ್ಲರಿಗೂ ಕಳಿಸುತ್ತಾರೆ. ಅವರು ಅದನ್ನು ಹಾಲಿಗೆ ಹಾಕಿ ಕುಡಿಯುತ್ತಾರೆ. ಅಕ್ಕ, ನಿಮ್ಮ ಫ್ಲ್ಯಾಟಿಗೂ ಇದೇ ಸಾಕು. ಒಂದು ಚಿಟಿಕೆ ಸಾಕು. ಮನೆಯ ಎಲ್ಲರ ಬಾಯಿಗೂ ಒಂದೇ ತೆನೆಯ ಕಾಳು ಹೋಗಬೇಕು, ಅಷ್ಟೇ.

ಗದ್ದೆಯ ಕಷ್ಟ ನಮಗೂ ಇದೆ. ಸೆಪ್ಟೆಂಬರ್ ಮೊದಲ ವಾರಕ್ಕೆ ನಮ್ಮ ಕಡೆ ಏಣೆಲ್ (ಮಳೆಗಾಲದ) ಬೆಳೆ ಇನ್ನೂ ಹಸಿರು. ಕಾಳಲ್ಲಿ ಹಾಲು ಮಾತ್ರ. ಹಾಗಾಗಿ ನಮ್ಮ ಚರ್ಚಿನವರು ಹಬ್ಬಕ್ಕೆಂದೇ ಬೇಗ ಬಿತ್ತಿದ ಗದ್ದೆಯಿಂದ ತೆನೆ ತರುತ್ತಾರೆ.

ನಾಲ್ಕುನಾಡು

ಕೊಡಗಿನಿಂದ ಬರೆಯುತ್ತಿದ್ದೇನೆ. ನಮ್ಮ ಹೊಸ ಅಕ್ಕಿ ಹಬ್ಬ ಪುತ್ತರಿ ನಿಮ್ಮೆಲ್ಲರಿಗಿಂತ ತಡ, ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ. ಕಾರಣ ಸರಳ, ನಮ್ಮಲ್ಲಿ ವರ್ಷಕ್ಕೆ ಒಂದೇ ಬೆಳೆ, ಚಳಿಗೆ ನಿಧಾನವಾಗಿ ಹಣ್ಣಾಗುತ್ತದೆ. ಕಕ್ಕಬ್ಬೆ ಹತ್ತಿರದ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ತಕ್ಕರೆಲ್ಲ (ನಾಡಿನ ಮುಖ್ಯಸ್ಥರು) ಸೇರಿ, ರೋಹಿಣಿ ನಕ್ಷತ್ರ ನೋಡಿ, ಹುಣ್ಣಿಮೆಯ ಆಸುಪಾಸಿನಲ್ಲಿ ದಿನ ಗೊತ್ತುಮಾಡುತ್ತಾರೆ. ನೆರೆ (ಎಲೆಗಳ ಕಟ್ಟು) ಕಟ್ಟುವುದಕ್ಕೆ ಒಂದು ಗಳಿಗೆ, ಕದಿರು ತೆಗೆಯುವುದಕ್ಕೆ ಒಂದು, ಊಟಕ್ಕೆ ಒಂದು. ಮೊದಲು ದೇವಸ್ಥಾನದಲ್ಲಿ, ಆಮೇಲೆ ನಾಡಿನವರೆಲ್ಲರ ಮನೆಗಳಲ್ಲಿ.

ಎಲ್ಲಿದ್ದರೂ ಐನ್‌ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ ಬರಬೇಕು. ಸಂಜೆ ನೆಲ್ಲಕ್ಕಿ ನಡುಬಾಡೆಯ (ನಡುಮನೆಯ) ದೀಪದ ಮುಂದೆ ಒಕ್ಕದವರೆಲ್ಲ, ಅಂದರೆ ಕುಲದವರೆಲ್ಲ ಸೇರುತ್ತೇವೆ. ಮಾವು, ಅರಳಿ ಸೇರಿ ಐದು ಬಗೆಯ ಎಲೆಗಳನ್ನು ಜೋಡಿಸಿ ನಾರಿನಿಂದ ನೆರೆ ಕಟ್ಟುತ್ತಾರೆ. ದೀಪ ಹಿಡಿದವರು ಮುಂದೆ, ಕುಕ್ಕೆ ಕುಡುಗೋಲು ಹಿಡಿದವರು ಹಿಂದೆ, ವಾಲಗದ ಜೊತೆ ಬೆಳದಿಂಗಳಲ್ಲಿ ಗದ್ದೆಗೆ. ಆಕಾಶಕ್ಕೆ ಒಂದು ಗುಂಡು ಹಾರಿಸಿದ ಮೇಲೆ ಕದಿರು ಕೊಯ್ಯುವುದು. "ಪೊಲಿ ಪೊಲಿ ದೇವಾ" ಅಂತ ಎಲ್ಲರೂ ಕೂಗುವಾಗ ಬೆಟ್ಟದಾಚೆಯ ಮನೆಯವರ ಕೂಗೂ ಕೇಳುತ್ತದೆ. ಬೆಳೆ ಹೆಚ್ಚಲಿ ದೇವರೇ ಅಂತ ಒಂದೇ ರಾತ್ರಿ ಇಡೀ ನಾಡು ಕೂಗುತ್ತದೆ. ಅದನ್ನು ಕೇಳಿಯೇ ತಿಳಿಯಬೇಕು.

ಮನೆಗೆ ಬಂದು ಕದಿರು ಕಟ್ಟಿ ಆದ ಮೇಲೆ ಹೊಸ ಅಕ್ಕಿ ಬೆರೆಸಿದ ಪಾಯಸ. ಜೊತೆಗೆ ತಂಬಿಟ್ಟು. ಹುರಿದ ಅಕ್ಕಿಯ ಹಿಟ್ಟಿಗೆ ಚೆನ್ನಾಗಿ ಕಳಿತ ಬಾಳೆಹಣ್ಣು ಕಿವುಚಿ, ತುಪ್ಪ, ಎಳ್ಳು, ಕಾಯಿತುರಿ ಹಾಕುತ್ತೇವೆ. ನೇರಳೆ ಬಣ್ಣದ ಪುತ್ತರಿ ಗೆಣಸನ್ನು ಬೇಯಿಸಿ ಜೇನು, ತುಪ್ಪದ ಜೊತೆ ತಿನ್ನುವುದು. ಮಾರನೆಯ ದಿನಗಳಲ್ಲಿ ಮಂದ್‌ನಲ್ಲಿ (ಊರಿನ ಬಯಲಲ್ಲಿ) ಕೋಲಾಟ.

ನಮ್ಮಲ್ಲೂ ಹಡಿಲು ಗದ್ದೆ ಜಾಸ್ತಿ ಆಗಿದೆ. ಆನೆ ಕಾಟಕ್ಕೆ ಹೆದರಿ ಬಿಟ್ಟವರಿದ್ದಾರೆ, ಕೂಲಿಯವರು ಸಿಗದೆ ಬಿಟ್ಟವರಿದ್ದಾರೆ. ನಮ್ಮ ಒಕ್ಕದಲ್ಲಿ ಒಂದು ತೀರ್ಮಾನ ಮಾಡಿದೆವು. ಐನ್‌ಮನೆಯ ಮುಂದಿನ ಗದ್ದೆಯ ಒಂದು ಮಡಿಯನ್ನು (ತುಂಡನ್ನು) ಏನೇ ಆದರೂ ನೆಡಲೇಬೇಕು. ಖರ್ಚನ್ನು ಎಲ್ಲ ಮನೆಗಳೂ ಹಂಚಿಕೊಳ್ಳುತ್ತವೆ. ಬೆಂಗಳೂರಿನಲ್ಲಿ ಇರುವ ಹುಡುಗರು ನಾಟಿಗೆ ರಜೆ ಹಾಕಿ ಬರುತ್ತಾರೆ. ಆ ಮಡಿಯಿಂದ ಅಕ್ಕಿ ಹೆಚ್ಚೇನೂ ಬರುವುದಿಲ್ಲ. ಪುತ್ತರಿಗೆ ಕದಿರು ಮಾತ್ರ ನಮ್ಮ ಮಣ್ಣಿನದೇ.

ಗದ್ದೆ ಬದು

@ನಾಲ್ಕುನಾಡು, ಇದು! ಇದನ್ನೇ ನಾನು ಹೇಳಲು ಹೊರಟಿದ್ದು. ಕುಟುಂಬಕ್ಕೊಂದು ಮಡಿ. ಎಕರೆಗಟ್ಟಲೆ ಬೇಡ, ಐದು ಸೆಂಟ್ಸ್ ಸಾಕು.

ಸಾಗರ ಸೀಮೆ

ನಮ್ಮ ಮಲೆನಾಡಿನಲ್ಲಿ ಕೊಯ್ಲಿಗೆ ಮುಂಚೆಯೇ ಒಂದು ಊಟ ಇದೆ, ಅದು ಭೂಮಿಗೆ. ಸೀಗೆ ಹುಣ್ಣಿಮೆ, ನಾವು ಭೂಮಿ ಹುಣ್ಣಿಮೆ ಅನ್ನುತ್ತೇವೆ. ತೆನೆ ತುಂಬಿದ ಗದ್ದೆ ಬಸುರಿ ಅಂತ ಭಾವಿಸಿ ಬಯಕೆ ಊಟ ಬಡಿಸುವುದು. ರಾತ್ರಿಯಿಡೀ ಅಡುಗೆ. ದೀವರ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣು ಬಳಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಬಣ್ಣದಲ್ಲಿ ಚಿತ್ತಾರ ಬರೆಯುತ್ತಾರೆ. ಆ ಭೂಮಣ್ಣಿ ಬುಟ್ಟಿಯಲ್ಲಿ ಎಡೆ ಹೊತ್ತು ಬೆಳಕು ಹರಿಯುವ ಮುಂಚೆ ಗದ್ದೆಗೆ ಹೋಗಿ, "ಅಚ್ಚಂಬಲಿ ಹಾಲಂಬಲಿ" ಅಂತ ಹೇಳುತ್ತಾ ಬೀರುವುದು. ಮೊದಲು ಭೂಮಿ ಉಣ್ಣಬೇಕು, ಕಾಗೆ ಇಲಿ ಉಣ್ಣಬೇಕು, ಆಮೇಲೆ ನಾವು ಅಲ್ಲೇ ಬದುವಿನ ಮೇಲೆ ಕೂತು ಉಣ್ಣುವುದು.

ಅತ್ತೆಯವರನ್ನು ಒಮ್ಮೆ ಕೇಳಿ, ಹೊಸ್ತಿನ ದಿನ ಗದ್ದೆಗೆ ಏನಾದರೂ ಇಡುವ ಕ್ರಮ ಇತ್ತಾ ಅಂತ.

ಸಂಬಲ್‌ಪುರ ವಾಸಿ

ಕೆಲಸದ ಮೇಲೆ ಪಶ್ಚಿಮ ಒಡಿಶಾದಲ್ಲಿದ್ದೇನೆ, ಮೂಲ ಉಡುಪಿ. ಇಲ್ಲಿ ಗಣೇಶ ಚೌತಿಯ ಮರುದಿನ ನುಆಖಾಇ, ಹೊಸ ಅಕ್ಕಿ ಉಣ್ಣುವ ಹಬ್ಬ. ನಿಗದಿಯಾದ ಲಗ್ನದಲ್ಲಿ ಸಂಬಲ್‌ಪುರದ ಸಮಲೇಶ್ವರಿ ದೇವಿಗೆ ಹೊಸ ಅಕ್ಕಿಯ ನೈವೇದ್ಯ. ಅದಾದ ಮೇಲೆ ಮನೆಮನೆಯಲ್ಲಿ ಊಟ. ಊಟ ಮುಗಿಸಿ ಕಿರಿಯರು ಹಿರಿಯರ ಮನೆಗಳಿಗೆ ಹೋಗಿ ಕಾಲಿಗೆ ಬೀಳುತ್ತಾರೆ, "ನುಆಖಾಇ ಜುಹಾರ" (ಹಬ್ಬದ ನಮಸ್ಕಾರ) ಅನ್ನುತ್ತಾರೆ. ಆ ವರ್ಷ ಜಗಳವಾಡಿ ಮಾತು ಬಿಟ್ಟವರೂ ಅವತ್ತು ಮಾತಾಡಬೇಕು. ದುಡಿಯಲು ಬೇರೆ ರಾಜ್ಯಕ್ಕೆ ಹೋದವರು ಹೇಗಾದರೂ ಮಾಡಿ ಊರಿಗೆ ಬರುತ್ತಾರೆ. ಮೊದಲ ವರ್ಷ ಇದನ್ನು ನೋಡಿದಾಗ ನನಗೆ ನಮ್ಮ ಮನೆಯ ಹೊಸ್ತು ನೆನಪಾಗಿ ಅಳು ಬಂತು. ಇಲ್ಲಿನ ನೆರೆಮನೆಯ ಅಜ್ಜಿ ನನಗೂ ಎಲೆ ಹಾಕಿ ಬಡಿಸಿದರು.

ಬೀಜದ ಬುಟ್ಟಿ

ಕೃಷಿ ಓದಿದವಳು ನಾನು, ದಿನದ ವಿಷಯಕ್ಕೆ ಸ್ವಲ್ಪ ಸೇರಿಸುತ್ತೇನೆ. ಹಬ್ಬದ ದಿನಕ್ಕೂ ತೆನೆ ಬರುವುದಕ್ಕೂ ಹೊಂದಾಣಿಕೆ ಇದ್ದದ್ದು ಪಂಚಾಂಗದಿಂದ ಮಾತ್ರ ಅಲ್ಲ. ಮಳೆಗಾಲದ ಹಳೆಯ ತಳಿಗಳಲ್ಲಿ ಬಹಳಷ್ಟು ಹಗಲಿನ ಉದ್ದ ನೋಡಿ ಹೂ ಬಿಡುತ್ತವೆ. ನೀವು ಒಂದು ವಾರ ಮುಂಚೆ ನೆಡಿ, ಎರಡು ವಾರ ತಡವಾಗಿ ನೆಡಿ, ಹಗಲು ಚಿಕ್ಕದಾಗುತ್ತಾ ಬಂದಾಗ ಹೆಚ್ಚುಕಡಿಮೆ ಒಟ್ಟಿಗೇ ತೆನೆ ಹೊರಡುತ್ತದೆ. ಇಡೀ ಊರಿಗೆ ಒಂದೇ ದಿನ ಹಬ್ಬ ಮಾಡಲು ಆಗುತ್ತಿದ್ದದ್ದು ಇದರಿಂದಲೂ ಹೌದು. ಈಗಿನ ಅನೇಕ ಸುಧಾರಿತ ತಳಿಗಳು ಹಾಗಲ್ಲ. ಬಿತ್ತಿದ ದಿನದಿಂದ ಇಷ್ಟು ದಿನ ಅಂತ ಲೆಕ್ಕ. ಹಾಗಾಗಿ ಒಂದು ಗದ್ದೆಯಲ್ಲಿ ಕೊಯ್ಲು ಮುಗಿದಿರುತ್ತದೆ, ಪಕ್ಕದ್ದು ಇನ್ನೂ ಹಸಿರಾಗಿರುತ್ತದೆ.

ಅಕ್ಕ, ನಿಮಗೆ ಬಾಲ್ಕನಿಯಲ್ಲಿ ಬಿಸಿಲು ಇದೆಯಾ? ಮುಂದಿನ ವರ್ಷಕ್ಕೆ ನೀವೇ ಬೆಳೆಯಬಹುದು. ಹೊಸ್ತಿಗೆ ಬೇಕಾಗುವುದು ಒಂದು ಹಿಡಿ ಕದಿರು ತಾನೇ? ತೂತಿಲ್ಲದ ಅಗಲವಾದ ಟಬ್ ಸಾಕು. ಜೇಡಿಮಣ್ಣು ಜಾಸ್ತಿ ಇರುವ ಮಣ್ಣಿಗೆ ಕಾಂಪೋಸ್ಟ್ ಕಲಸಿ, ನೀರು ಹಾಕಿ ಕೆಸರು ಮಾಡಿ. ಬೇರೆ ಕುಂಡದಲ್ಲಿ ಸಸಿ ಮಾಡಿಕೊಂಡು, ಮೂರು ವಾರ ಆದ ಮೇಲೆ ಎರಡು ಮೂರು ಸಸಿಗಳನ್ನು ಒಟ್ಟಿಗೆ ಹಿಡಿದು ಟಬ್ಬಿಗೆ ನಾಟಿ ಮಾಡಿ. ನೀರು ಎರಡು ಬೆರಳು ನಿಂತರೆ ಸಾಕು. ಸೊಳ್ಳೆ ಆಗದಂತೆ ಆಗಾಗ ನೀರು ಪೂರ್ತಿ ಇಂಗಲು ಬಿಟ್ಟು ಮತ್ತೆ ತುಂಬಿಸಿ. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಒಣಗಲು ಬಿಡಬೇಡಿ, ಕಾಳು ಜೊಳ್ಳಾಗುತ್ತದೆ. ಹೂವಾದ ಮೇಲೆ ಸುಮಾರು ಒಂದು ತಿಂಗಳಿಗೆ ಕಾಳು ಬಲಿಯುತ್ತದೆ. ತೆನೆ ಕಂಡ ಕೂಡಲೇ ಬಲೆ ಮುಚ್ಚಿ, ಹಕ್ಕಿಗಳು ನಿಮಗಿಂತ ಮುಂಚೆ ಹೊಸ್ತು ಮಾಡಿಬಿಡುತ್ತವೆ.

ತುಂಬ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ಹಳೆಯ ತಳಿ ಹಾಕಿದರೆ ರಾತ್ರಿ ಬೆಳಕು ಬೀಳದ ಕಡೆ ಇಡಿ. ಬೀದಿದೀಪದ ಕೆಳಗಿನ ಭತ್ತ ರಾತ್ರಿಯನ್ನೂ ಹಗಲು ಅಂತ ಎಣಿಸಿ ಹೂ ಬಿಡುವುದನ್ನೇ ತಡಮಾಡುತ್ತದೆ. ರಸ್ತೆ ಬದಿಯ ಗದ್ದೆಯಲ್ಲಿ ದೀಪದ ಕಂಬದ ಸುತ್ತ ಮಾತ್ರ ಬೆಳೆ ಹಸಿರಾಗಿ ಉಳಿದಿರುವುದನ್ನು ನೀವು ನೋಡಿರಬಹುದು.

ಕರಾವಳಿಯಲ್ಲಿ ಜಾಸ್ತಿ ಬೆಳೆಯುವ ಎಂಒ4 ತಳಿಯ ಭತ್ತ ಹಾಕಿದರೆ ಮೇ ಕೊನೆ, ಜೂನ್ ಮೊದಲಿಗೆ ಸಸಿ ಮಾಡಿ. ನಾಲ್ಕು ತಿಂಗಳ ಮೇಲೆ ಸ್ವಲ್ಪ ದಿನ ಹಿಡಿಯುತ್ತದೆ, ನವರಾತ್ರಿಗೆ ಸರಿಹೋಗುತ್ತದೆ.

ಹಳೇ ಚಾವಡಿ

ಎಲ್ಲವನ್ನೂ ಓದಿದೆ. ಒಕ್ಕಲು ಮನೆ ಮೊಮ್ಮಗನ ಮಾತು ನನ್ನನ್ನು ತಟ್ಟಿತು. ಕೊಂಡ ಕದಿರಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಟಬ್ಬಿನಲ್ಲಾದರೂ ತಾನೇ ನೆಟ್ಟು, ನಾಲ್ಕು ತಿಂಗಳು ನೀರೆರೆದು, ಹಕ್ಕಿ ಓಡಿಸಿ ಪಡೆದ ಕದಿರಾದರೆ ಅದರಲ್ಲಿ ಕಾಯುವಿಕೆ ಇದೆ. ಅದನ್ನು ನಾನು ಹೊಸ್ತು ಅಂತಲೇ ಒಪ್ಪುತ್ತೇನೆ.

ಮೊಂತಿ ಮನೆ

ಒಂದು ಸಣ್ಣ ಸೇರಿಕೆ. ಹೊಸ ಅಕ್ಕಿಯ ಅನ್ನ ಬೇಗ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಪೂರ್ತಿ ಹೊಸ ಅಕ್ಕಿಯಲ್ಲೇ ಮಾಡುವವರು ನೀರು ಸ್ವಲ್ಪ ಕಡಿಮೆ ಇಡಿ. ವಯಸ್ಸಾದವರಿಗೆ ಹೊಟ್ಟೆ ಭಾರ ಆಗುತ್ತದೆ ಅಂತ ನಮ್ಮಮ್ಮ ಆ ದಿನ ಶುಂಠಿ ಹಾಕಿದ ಸಾರು ಮಾಡುತ್ತಾರೆ.

ಕೋಟೇಶ್ವರದ ಸೊಸೆ

ಇಷ್ಟೊಂದು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಪುತ್ತರಿಯ ಕೂಗು, ಭೂಮಿಯ ಬಯಕೆ ಊಟ ಎರಡನ್ನೂ ಮತ್ತೆ ಮತ್ತೆ ಕೇಳಿದರು. @ಸಾಗರ ಸೀಮೆ, ಗದ್ದೆಗೆ ಇಡುವ ಕ್ರಮ ಇತ್ತಂತೆ. ಕದಿರು ಕೊಯ್ದ ಜಾಗದಲ್ಲಿ ವೀಳ್ಯದೆಲೆ, ಅಡಿಕೆ ಇಟ್ಟು ಬರುತ್ತಿದ್ದರಂತೆ. ಕೂಲಿಗೆ ಬಂದವರಿಗೆ ಅದೇ ದಿನ ಊಟ ಹಾಕಿ ಅಕ್ಕಿ ಕೊಡಬೇಕಿತ್ತು, ಅದನ್ನು ಬಿಟ್ಟರೆ ಹೊಸ್ತು ಮುಗಿದಂತೆ ಅಲ್ಲ ಅಂದರು. ನಮ್ಮ ಮನೆಯಲ್ಲಿ ಕೆಲಸಕ್ಕೆ ಬರುವ ರಾಯಚೂರಿನ ಅಕ್ಕನಿಗೆ ಈ ಸಲ ನಮ್ಮ ಜೊತೆಗೇ ಎಲೆ ಹಾಕುತ್ತೇವೆ.

@ಗದ್ದೆ ಬದು ಅಣ್ಣ, ಈ ವರ್ಷದ ಕದಿರು ನಿಮ್ಮಿಂದಲೇ ಕೇಳುತ್ತೇನೆ. ನಾಟಿ ಮುಗಿದುಹೋಗಿದೆ, ಅದು ಗೊತ್ತು. ಈಗ ಬಂದರೆ ಏನಾದರೂ ಕೆಲಸ ಇರುತ್ತದಾ? ಇವರೂ, ಮಗನೂ ನಾನೂ ಶನಿವಾರ, ಭಾನುವಾರ ಬರಬಹುದು. ಟಬ್ಬಿಗೆ ಬೀಜವೂ ಬೇಕು.

ಗದ್ದೆ ಬದು

ಬನ್ನಿ ಅಕ್ಕ. ಈಗ ಕಳೆ ಕೀಳುವ ಕೆಲಸ ಬೇಕಾದಷ್ಟಿದೆ, ಬದುವಿನ ಹುಲ್ಲೂ ಸವರಬೇಕು. ಮಗನಿಗೆ ಹಳೆಯ ಬಟ್ಟೆ ಹಾಕಿಸಿ, ಉದ್ದ ತೋಳಿನದಾದರೆ ಒಳ್ಳೆಯದು, ಭತ್ತದ ಎಲೆ ಕೈ ಗೀರುತ್ತದೆ. ಊಟ ನಮ್ಮಲ್ಲೇ.

ಕದಿರಿಗೆ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಬನ್ನಿ, ಬಿಸಿಲು ಏರುವ ಮುಂಚೆ ಕೊಯ್ಯೋಣ. ಒಂದು ಗೇಣು ಕಡ್ಡಿ ಬಿಟ್ಟು ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ನಿಲ್ಲಿಸಿದರೆ ಬೆಂಗಳೂರು ಮುಟ್ಟುವವರೆಗೆ ಕಾಳು ಉದುರುವುದಿಲ್ಲ. ಪ್ಲಾಸ್ಟಿಕ್ ಚೀಲ ಬೇಡ, ಬೆವರಿ ಕಪ್ಪಾಗುತ್ತದೆ. ಮಾವು, ಹಲಸು, ಬಿದಿರಿನ ಎಲೆ ನಮ್ಮ ಹಿತ್ತಲಲ್ಲಿ ಇದೆ. ಅರಳಿ ಎಲೆಯನ್ನು ದಾರಿಯಲ್ಲಿ ದೇವಸ್ಥಾನದ ಕಟ್ಟೆಯಿಂದ ತೆಗೆದುಕೊಳ್ಳೋಣ. ಬೀಜಕ್ಕೆ ಬೇಕಾದ ಭತ್ತವನ್ನು ಕೊಯ್ಲಾದ ಮೇಲೆ ಒಣಗಿಸಿ ಕಟ್ಟಿಡುತ್ತೇನೆ, ಮೇ ತಿಂಗಳಲ್ಲಿ ಬಂದು ಒಯ್ಯಿರಿ.